ಕಳ್ಳೆಕಾಯಿ ಯಾವ ಮರದಲ್ಲಿ ಬಿಡುತ್ತೆ ತಾತ?

2022ರ ಶಿವರಾತ್ರಿ ಮುಗಿದು ನಾಲ್ಕು ದಿನ ಆಗಿತ್ತು. ಮಗ, ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರು. ಕೂಸನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲ ಅಂತ ಮೊಮ್ಮಗಳನ್ನು ನಮ್ಮ ಹತ್ತಿರ ಬಿಟ್ಟು ಹೋಗಿದ್ದರು. ಅವಳಿಗೆ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಸಾಯಂಕಾಲ ಜಗಲಿ ಮೇಲೆ ಕೂತು ಹುರಿದ ಕಳ್ಳೆಕಾಯಿ ಸುಲಿದು ಕೊಡುತ್ತಿದ್ದೆ. ಆಗ ಕೇಳಿದಳು, "ತಾತ, ಕಳ್ಳೆಕಾಯಿ ಯಾವ ಮರದಲ್ಲಿ ಬಿಡುತ್ತೆ?"

ಜಗಲಿಯಲ್ಲಿ ಇನ್ನೂ ಮೂರು ಜನ ಇದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಟ್ಟಣದ ಮಗು, ಅದಕ್ಕೇನು ಗೊತ್ತು ಅಂದುಕೊಂಡು ಬೀದಿಯಲ್ಲಿ ಆಡುತ್ತಿದ್ದ ನಮ್ಮೂರ ಹುಡುಗರನ್ನೇ ಕರೆದು ಅದೇ ಪ್ರಶ್ನೆ ಹಾಕಿದೆ. ಒಬ್ಬ "ಬಳ್ಳೀಲಿ" ಅಂದ. ಇನ್ನೊಬ್ಬಳು ಸುಮ್ಮನೆ ನಿಂತಳು. ಮೂರನೇ ಕ್ಲಾಸಿನವನೊಬ್ಬ "ಬೇರಲ್ಲಿ" ಅಂದ. ಜಗಲಿ ಮೇಲಿದ್ದವರು ಅವನಿಗೆ ಶಹಬ್ಬಾಸ್ ಅಂದರು. ಅದೂ ತಪ್ಪೇ! ಕಳ್ಳೆಕಾಯಿ ಬಿಡೋದು ಹೂವಿನಿಂದ. ಹೂವಿನ ಬುಡದಿಂದ ಸೂಜಿಯ ಹಾಗೆ ಒಂದು ಮೊಳೆ ಇಳಿದು ಮಣ್ಣು ಸೇರಿದ ಮೇಲೆ ಅದರ ತುದಿ ಕಾಯಿ ಆಗುತ್ತದೆ. ಬೇರಿನಲ್ಲಿ ಇರೋದು ಬರೀ ಗಂಟು. ಮೂವತ್ತು ವರ್ಷ ಕಳ್ಳೆಕಾಯಿ ಬೆಳೆದವರೂ ಬಾಯಿಮಾತಿಗೆ ಬೇರಲ್ಲಿ ಅಂತಲೇ ಹೇಳಿಬಿಡುತ್ತೇವೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮದು ಶಿರಾ ಸೀಮೆ. ಕೆಂಪು ಮಸಬು ನೆಲ, ಬೋರು ನೆಚ್ಚಿಕೊಂಡವರು ಕೆಲವರು, ಮಳೆ ನೆಚ್ಚಿಕೊಂಡವರೇ ಹೆಚ್ಚು. ಊರ ಸುತ್ತ ಹೊಲ. ಆದರೂ ನಮ್ಮೂರ ಮಕ್ಕಳಿಗೆ ರಾಗಿ ಪೈರು ಯಾವುದು, ಹುಲ್ಲು ಯಾವುದು ಅನ್ನೋದು ತಿಳಿಯದು. ತಪ್ಪು ಅವರದಲ್ಲ. ಬೆಳಿಗ್ಗೆ ಎಂಟಕ್ಕೆ ವ್ಯಾನು ಬರುತ್ತೆ, ಸಂಜೆ ಐದಕ್ಕೆ ಬಿಟ್ಟು ಹೋಗುತ್ತೆ. ಭಾನುವಾರ ಹೊಲಕ್ಕೆ ಬರ್ತೀನಿ ಅಂದರೆ ನಾವೇ "ಬಿಸಿಲು, ಬರಬೇಡ, ಓದ್ಕೋ" ಅಂತೀವಿ. ನನ್ನ ಮಗನಿಗೆ ನಾನೇ ಎಷ್ಟು ಸಲ ಹೇಳಿಲ್ಲ, "ಓದದೇ ಹೋದ್ರೆ ನನ್ನ ಹಾಗೆ ಮಣ್ಣು ಹೊರ್ತೀಯ" ಅಂತ! ಅವನು ಓದಿದ, ಹೋದ. ಈಗ ಅವನ ಮಗಳು ಕಳ್ಳೆಕಾಯಿ ಮರ ಹುಡುಕುತ್ತಿದ್ದಾಳೆ.

ನಾನು ಏಳನೇ ಕ್ಲಾಸು ಮುಗಿಸಿದ್ದು 1982ರಲ್ಲಿ. ಏಕದಳ, ದ್ವಿದಳ ಅಂತ ಪಾಠ ಇತ್ತು. ಬಾಯಿಪಾಠ ಮಾಡಿ ಒಪ್ಪಿಸಿ ನಂಬರು ತಗೊಂಡಿದ್ದೆ. ದ್ವಿದಳ ಅಂದರೆ ನಮ್ಮಪ್ಪನ ಹೊಲದ ಅವರೆ, ಏಕದಳ ಅಂದರೆ ಅದರ ಪಕ್ಕದ ಸಾಲಿನ ರಾಗಿ ಅಂತ ಮೇಷ್ಟ್ರು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆದರೆ ನಮಗೆ ಶಾಲೆ ಬಿಟ್ಟ ಮೇಲೆ ಹೊಲ ಇತ್ತು. ಅಪ್ಪ ಕೂರಿಗೆ ಹಿಡಿದರೆ ಅವ್ವ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಕಾಳು ಬಿಡುತ್ತಿದ್ದಳು. ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಅವಳ ಹಿಂದೆ ನಾವು. ಯಾರೂ ಕಲಿಸಲಿಲ್ಲ, ಕಲಿತೆವು.

ಊರ ಅಂಗನವಾಡಿ ಮೇಡಂ ಹತ್ತಿರ ಮಾತಾಡಿದೆ. ಶನಿವಾರ ಬೆಳಿಗ್ಗೆ ಒಂದು ಗಂಟೆ ಕೊಡ್ತೀನಿ ಅಂದರು. ಪಕ್ಕದ ಶಾಲೆಯ ಒಂದು, ಎರಡನೇ ಕ್ಲಾಸಿನವರೂ ಸೇರಿ ಹನ್ನೊಂದು ಮಕ್ಕಳಾದವು. ನಮ್ಮ ರಾಜ್ಯದಲ್ಲಿ ಮಾಡುತ್ತಾ ಕಲಿಯುವ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆಗೂ ಬಂತು. ಅದಕ್ಕೂ ಎಷ್ಟೋ ಮೊದಲು ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಪ್ರಯೋಗ ಮಾಡಿದ್ದರು. ನನ್ನದೇನೂ ಹೊಸದಲ್ಲ. ನನ್ನ ಹತ್ತಿರ ಇದ್ದದ್ದು ಕಾಳು, ಮಣ್ಣು, ಒಂದಿಷ್ಟು ತೆಂಗಿನ ಚಿಪ್ಪು.

ಮೊದಲ ಸಲ ಚಿಪ್ಪಿಗೆ ತೂತು ಮಾಡಲಿಲ್ಲ. ಮಕ್ಕಳ ಕೈಗೆ ನೀರು ಕೊಟ್ಟರೆ ಕೇಳಬೇಕೆ! ದಿನಕ್ಕೆ ಐದಾರು ಸಲ ಹೊಯ್ದರು. ಒಂದು ವಾರದಲ್ಲಿ ಹನ್ನೊಂದರಲ್ಲಿ ಎಂಟು ಕೊಳೆತವು. ಎರಡನೇ ಸಲ ಕಾಯಿಸಿದ ಮೊಳೆಯಿಂದ ಬುಡಕ್ಕೆ ಎರಡು ತೂತು ಮಾಡಿ, ಮಣ್ಣಿಗೆ ಅರ್ಧದಷ್ಟು ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ಕೊಟ್ಟೆ. ಒಂದು ಮುಚ್ಚಳ ನೀರು ಮಾತ್ರ ಅಂತ ಅಳತೆ ಇಟ್ಟೆ. ಸರಿಹೋಯಿತು.

ಯಾವ ಕಾಳು ಅನ್ನುವುದೂ ಮುಖ್ಯ. ನಾನು ಮೊದಲು ಕೊತ್ತಂಬರಿ ಕೊಟ್ಟಿದ್ದೆ. ಉಜ್ಜಿ ಎರಡು ಹೋಳು ಮಾಡಿ ಹಾಕಿದರೂ ಅದು ಏಳೋದಕ್ಕೆ ಎಂಟು ಹತ್ತು ದಿನ ಬೇಕು. ಐದು ವರ್ಷದ ಮಗು ಅಷ್ಟು ದಿನ ಕಾಯುತ್ತದೆಯೇ? ಮೂರನೇ ದಿನಕ್ಕೇ ಮರೆತು ಆಟಕ್ಕೆ ಹೋದವು. ಮೆಂತ್ಯ ಮೂರು ದಿನಕ್ಕೆ ಏಳುತ್ತೆ. ಹುರುಳಿ, ಅವರೆ, ಅಲಸಂದೆ ನಾಲ್ಕೈದು ದಿನ. ದೊಡ್ಡ ಕಾಳಾದರೆ ಸಣ್ಣ ಬೆರಳಿಗೆ ಹಿಡಿತವೂ ಸಿಗುತ್ತೆ. ಚಿಕ್ಕ ಮಕ್ಕಳಿಗೆ ಇವೇ ವಾಸಿ.

ಇನ್ನೊಂದು ತೊಂದರೆ, ಮಕ್ಕಳು ದಿನಾ ಕಿತ್ತು ನೋಡೋದು. ಬೇರು ಬಂತಾ ಅಂತ ಎಳೆದು ನೋಡಿ ಮತ್ತೆ ಊರುತ್ತಿದ್ದರು. ನಾಲ್ಕು ಸಲ ಗದರಿದೆ. ಆಮೇಲೆ ಯೋಚನೆ ಮಾಡಿದರೆ, ಗದರುವುದು ಯಾಕೆ? ನೋಡಬೇಕು ಅನ್ನೋ ಆಸೆಯೇ ತಾನೆ ಬೇಕಾಗಿದ್ದುದು. ಅಂದಿನಿಂದ ಪ್ರತಿ ಮಗುವಿಗೂ ಎರಡು ಚಿಪ್ಪು. ಒಂದು ಕೀಳೋ ಗಿಡ, ಒಂದು ಬಿಡೋ ಗಿಡ. ಕೀಳೋದರಲ್ಲಿ ಐದಾರು ಕಾಳು ಹಾಕಿ ದಿನಕ್ಕೊಂದು ಕಿತ್ತು ನೋಡಲಿ. ಬಿಡೋದನ್ನ ಮುಟ್ಟುವ ಹಾಗಿಲ್ಲ. ಗಲಾಟೆ ನಿಂತಿತು.

ಗಾಜಿನ ಲೋಟದ ಆಟವನ್ನು ನೀವೂ ಮಾಡಿ ನೋಡಿ. ಲೋಟದ ಒಳಗೆ ಹಳೇ ಪೇಪರನ್ನು ಸುತ್ತಿ ಒದ್ದೆ ಮಾಡಿ, ಗಾಜಿಗೂ ಪೇಪರಿಗೂ ನಡುವೆ ನೆನೆದ ಅವರೆಕಾಳು ಸಿಕ್ಕಿಸಬೇಕು. ತಳದಲ್ಲಿ ಒಂದು ಬೆರಳು ನೀರು. ಒಂದು ಕಾಳು ನೆಟ್ಟಗೆ, ಒಂದು ಅಡ್ಡ, ಒಂದು ತಲೆಕೆಳಗು. ಹೇಗೆ ಹಾಕಿದರೂ ಬೇರು ಬಗ್ಗಿಕೊಂಡು ಕೆಳಕ್ಕೇ ಹೋಗುತ್ತದೆ, ಮೊಳಕೆ ಮೇಲಕ್ಕೇ ಬರುತ್ತದೆ. ಬೇರು ಬಂದ ಮೇಲೆ ನೀರು ಬಸಿದು ಲೋಟವನ್ನು ಅಡ್ಡ ಮಲಗಿಸಿದೆವು. ಎರಡು ದಿನದಲ್ಲಿ ಬೇರು ಮತ್ತೆ ತಿರುಗಿ ನೆಲದ ಕಡೆ ಮುಖ ಮಾಡಿತ್ತು. "ಅದಕ್ಕೆ ಕಣ್ಣಿದೆಯಾ ತಾತ?" ಅಂತ ಅಂಗಡಿ ಮನೆ ಹುಡುಗಿ ಕೇಳಿದಳು. ಕಣ್ಣಿಲ್ಲ, ಭಾರ ಯಾವ ಕಡೆಗೆ ಎಳೆಯುತ್ತೆ ಅನ್ನೋದು ಬೇರಿನ ತುದಿಗೆ ತಿಳಿಯುತ್ತೆ ಅಂದೆ. ಅವಳಿಗೆ ಅರ್ಥ ಆಯಿತೋ ಇಲ್ಲವೋ, ಕಣ್ಣು ಮುಚ್ಚಿಕೊಂಡು ತಾನೇ ಬಗ್ಗಿ ನೋಡಿದಳು.

ಈಗ ನನಗೆ ಕಲಿಸಿದ ಒಂದು ಸಂಗತಿ. ಮಕ್ಕಳು ಒಂದು ಚಿಪ್ಪಿನಲ್ಲಿ ಅವರೆ, ಪಕ್ಕದ ಚಿಪ್ಪಿನಲ್ಲಿ ತೊಗರಿ ಹಾಕಿದ್ದರು. ಅವರೆ ಎದ್ದಾಗ ತನ್ನ ಎರಡು ಬೇಳೆಯನ್ನೂ ತಲೆ ಮೇಲೆ ಹೊತ್ತುಕೊಂಡು ಮಣ್ಣಿನಿಂದ ಹೊರಗೆ ಬಂತು. ತೊಗರಿ ಎದ್ದಾಗ ಬರೀ ಎಲೆ. ಬೇಳೆ ಎಲ್ಲಿ? ಕೀಳೋ ಚಿಪ್ಪಿನಿಂದ ಕಿತ್ತು ನೋಡಿದರೆ ಬೇಳೆ ಮಣ್ಣೊಳಗೇ ಕೂತಿತ್ತು. ನಲವತ್ತು ವರ್ಷ ಎರಡನ್ನೂ ಬಿತ್ತಿದ್ದೇನೆ, ಎರಡನ್ನೂ ತಿಂದಿದ್ದೇನೆ, ಇದನ್ನು ನಾನು ನೋಡೇ ಇರಲಿಲ್ಲ! ಆಮೇಲೆ ಒಂದೊಂದೇ ಹಾಕಿ ನೋಡಿದೆವು. ಅಲಸಂದೆ, ಹುರುಳಿ, ಹೆಸರು, ಉದ್ದು, ಹರಳು, ಹುಣಸೆ ಬೇಳೆ ಹೊತ್ತು ತರುವ ಜಾತಿ. ತೊಗರಿ, ಕಡಲೆ, ಬಟಾಣಿ, ಮಾವಿನ ಓಟೆ ಬೇಳೆಯನ್ನು ಒಳಗೇ ಬಿಡುವ ಜಾತಿ. ಕಳ್ಳೆಕಾಯಿಯದು ನಡುವಿನದು, ಬೇಳೆ ನೆಲದ ಮಟ್ಟಕ್ಕೆ ಬಂದು ನಿಲ್ಲುತ್ತೆ.

ಇದರಿಂದ ಏನು ಲಾಭ ಅಂತ ನೀವು ಕೇಳಬಹುದು. ಅದನ್ನು ಹೇಳಿಕೊಟ್ಟಿದ್ದು ಒಂದು ಮೇಕೆ. ಚಿಪ್ಪುಗಳನ್ನು ಶಾಲೆ ಜಗಲಿ ಮೇಲೆ ಸಾಲಾಗಿ ಇಟ್ಟಿದ್ದೆವು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಕೆ ನುಗ್ಗಿ ಎಲ್ಲವನ್ನೂ ಬುಡಕ್ಕೆ ಮೇಯ್ದು ಹೋಯಿತು. ಮಕ್ಕಳು ಅತ್ತವು. ಎಸೆಯೋದು ಬೇಡ, ನೋಡೋಣ ಅಂತ ಇಟ್ಟೆವು. ಬುಡಕ್ಕೆ ಕಚ್ಚಿದ ಅವರೆ ಒಂದೂ ಉಳಿಯಲಿಲ್ಲ. ಎಂಟು ಹತ್ತು ದಿನಕ್ಕೆ ನಾಲ್ಕು ಚಿಪ್ಪಿನ ತೊಗರಿ ಮಣ್ಣೊಳಗಿನ ಬೇಳೆಯ ಬುಡದಿಂದ ಹೊಸ ಕುಡಿ ಒಡೆದವು. ಹೊಲದಲ್ಲಿ ಎಳೇ ತೊಗರಿಗೆ ದನ ಬಾಯಿ ಹಾಕಿದರೆ ಈಗ ನಾನು ತಕ್ಷಣ ಹರಗುವುದಿಲ್ಲ. ಹದ ಇದ್ದರೆ ಹತ್ತು ದಿನ ಕಾಯುತ್ತೇನೆ. ಅವರೆ ಆದರೆ ಅವತ್ತೇ ನಾಟು ಹಾಕುತ್ತೇನೆ.

ಇನ್ನು ಬರೆಯಲು ಮನಸ್ಸಿಲ್ಲದ, ಆದರೆ ಬರೆಯಲೇಬೇಕಾದ ವಿಷಯ.

2022ರ ಜೂನ್ ಕೊನೆ. ಶಾಲೆ ಪಕ್ಕದ ನನ್ನ ಹೊಲದ ಮೂಲೆಯಲ್ಲಿ ಮಕ್ಕಳಿಗೆ ಅಂತ ಹತ್ತಡಿ ಉದ್ದ, ಹತ್ತಡಿ ಅಗಲ ಜಾಗ ಹದ ಮಾಡಿದ್ದೆ. ನಡುವೆ ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಂಚಿಗೆ ಎರಡು ಸಾಲು ಕಳ್ಳೆಕಾಯಿ. ಅದೇ ವಾರ ನನ್ನ ಹೊಲಕ್ಕೂ ಕಳ್ಳೆಕಾಯಿ ಬಿತ್ತನೆ ಆಗಿತ್ತು. ಬೀಜೋಪಚಾರ ಮಾಡಿದ ಬೀಜ, ಔಷಧಿ ಬಣ್ಣ ಹತ್ತಿ ಗುಲಾಬಿ ಆಗಿತ್ತು. ಎರಡು ಹಿಡಿಯಷ್ಟು ಉಳಿದಿತ್ತು. ಬೀಜ ಬೀಜವೇ ತಾನೆ ಅಂತ ಅದನ್ನೇ ಮೊರಕ್ಕೆ ಹಾಕಿಕೊಂಡು ಹೋದೆ. ಮಕ್ಕಳ ಅಂಗೈಗೆ ನಾಲ್ಕು ನಾಲ್ಕು ಎಣಿಸಿ ಕೊಟ್ಟು ಸಾಲು ತೋರಿಸಲು ಬಗ್ಗಿದೆ. ತಲೆ ಎತ್ತುವ ಹೊತ್ತಿಗೆ ಕೊನೇ ಮನೆ ಹುಡುಗ, ನಾಲ್ಕು ವರ್ಷದವನು, ಎರಡು ಬೀಜ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ. ತುಟಿ ಎಲ್ಲ ಗುಲಾಬಿ ಬಣ್ಣ.

ನನ್ನ ಕೈಕಾಲು ತಣ್ಣಗಾದವು. ಬೆರಳು ಹಾಕಿ ಬಾಯಲ್ಲಿದ್ದದ್ದನ್ನು ತೆಗೆದು ಬಾಯಿ ಮುಕ್ಕಳಿಸಿದೆ. ಯಾರೋ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂದರು. ಮೇಡಂ ಬೇಡವೇ ಬೇಡ ಅಂದರು. ಔಷಧಿಯ ಖಾಲಿ ಪೊಟ್ಟಣ ಜೇಬಿಗೆ ಹಾಕಿಕೊಂಡು, ಮಗು ಮತ್ತು ಅವನ ತಾಯಿಯನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಮೊದಲು ಕೇಳಿದ್ದೇ ಆ ಪೊಟ್ಟಣವನ್ನ. ಸಂಜೆವರೆಗೆ ಇಟ್ಟುಕೊಂಡು ನೋಡಿ, ನುಂಗಿದ್ದು ಕಡಿಮೆ, ಏನೂ ಆಗಿಲ್ಲ ಅಂತ ಕಳಿಸಿದರು. ವಾಂತಿ ಮಾಡಿಸದೇ ಇದ್ದದ್ದು ಒಳ್ಳೇದಾಯಿತು, ಕೆಲವು ಔಷಧಿ ವಾಪಸು ಬರುವಾಗ ಇನ್ನೂ ಹೆಚ್ಚು ಸುಡುತ್ತೆ, ಪುಪ್ಪುಸಕ್ಕೂ ಹೋಗಬಹುದು ಅಂದರು.

ವಾಪಸು ಬರುವಾಗ ಆ ತಾಯಿ ಒಂದೇ ಮಾತು ಅಂದಳು. "ಗಿಡ ಬೆಳೆಸೋದು ಕಲಿಸ್ತೀನಿ ಅಂತ ನಮ್ಮ ಮಗೂನೇ ತೆಗೀತಿದ್ರಲ್ಲ ಅಣ್ಣ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನನ್ನು ಆಮೇಲೆ ಶನಿವಾರದ ಪಾಠಕ್ಕೆ ಅವಳು ಕಳಿಸಲಿಲ್ಲ. ಇನ್ನೂ ಇಬ್ಬರ ಮನೆಯವರು ಬಿಡಿಸಿದರು. ನಾನೂ ನಿಲ್ಲಿಸಿಬಿಡೋಣ ಅಂತಿದ್ದೆ. ನನ್ನ ಹೆಂಡತಿ ಹೇಳಿದಳು, "ನಿಮ್ಮ ಮನೇಲೇ ಆ ಬೀಜ ಮಂಚದ ಕೆಳಗೆ ಇಟ್ಟಿದ್ರಿ. ನಿಲ್ಲಿಸಬೇಕಾದ್ದು ಅದನ್ನ."

ಅವಳು ಹೇಳಿದ್ದು ನಿಜ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬೀಜೋಪಚಾರ ಮಾಡಿದ ಬೀಜ ಅಡುಗೆ ಕಾಳಿನ ಪಕ್ಕದಲ್ಲೇ ಇರುತ್ತೆ, ನೀವೇ ನೋಡಿಕೊಳ್ಳಿ. ಉಳಿದದ್ದನ್ನು ತೊಳೆದು ಹುರಿದು ತಿನ್ನುವವರೂ ಇದ್ದಾರೆ. ತೊಳೆದರೆ ಅದು ಹೋಗುವುದಿಲ್ಲ. ಈಗ ನನ್ನ ಔಷಧಿ, ಔಷಧಿ ಬೀಜ ಎರಡೂ ಹೊಲದ ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಮಕ್ಕಳಿಗೆ ಕೊಡೋದು ಅಡುಗೆ ಮನೆ ಡಬ್ಬದ ಕಾಳು ಮಾತ್ರ, ನಾವು ತಿನ್ನುವಂಥದ್ದು. ಮೂರು ವರ್ಷದ ಕೆಳಗಿನವರಿಗೆ ಕಾಳು ಕೈಗೇ ಕೊಡೋದಿಲ್ಲ. ಮೂಗಿಗೆ ತುರುಕಿಕೊಂಡ ಅವರೆಕಾಳು ನೀರು ಹೀರಿ ಊದಿಕೊಂಡರೆ ತೆಗೆಯೋದು ಕಷ್ಟ, ಕಳ್ಳೆಬೀಜ ಉಸಿರಿನ ದಾರಿಗೆ ಹೋದರೆ ಪ್ರಾಣಕ್ಕೇ ಬರುತ್ತೆ.

ಆ ವರ್ಷದಿಂದ ಮೊದಲ ಪಾಠ ಬೇರೆ ಮಾಡಿದೆ. ಬೇಲಿ ಸುತ್ತ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಯಿಗೆ ಹಾಕಬಾರದ ಗಿಡ ತೋರಿಸೋದು. ಉಮ್ಮತ್ತಿ ಕಾಯಿ, ಹರಳು ಬೀಜ, ಕಣಗಿಲೆಯ ಎಲೆ, ಹೂವು ಎಲ್ಲಾ, ಗುಲಗಂಜಿ. ಗುಲಗಂಜಿ ಕೆಂಪಗೆ ಚೆಂದ ಇರುತ್ತೆ, ಅಗಿದರೆ ಒಂದೆರಡು ಬೀಜವೇ ಸಾಕು ಮಗುವಿನ ಜೀವಕ್ಕೆ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಗಿಡ ದೇವರು, ಗಿಡ ತಾಯಿ ಅಂತ ಬರೀ ಹೊಗಳಿ ಹೇಳಿದರೆ ಮಗುವಿಗೆ ಎಲ್ಲಾ ಗಿಡವೂ ತಿನ್ನೋ ಗಿಡವೇ ಆಗುತ್ತದೆ.

ಉಳಿದ ಎಂಟು ಮಕ್ಕಳ ಜೊತೆ ಆ ಸಲದ ಕಳ್ಳೆಕಾಯಿ ಸಾಲು ಚೆನ್ನಾಗಿ ಬಂತು. ಬಿತ್ತಿ ತಿಂಗಳಿಗೆ ಹೂವು. ಬೆಳಿಗ್ಗೆ ಅರಳಿದ ಹಳದಿ ಹೂವಿಗೆ ಮೊಮ್ಮಗಳು ಕೆಂಪು ದಾರ ಕಟ್ಟಿದಳು. ಸಂಜೆಗೆ ಹೂವು ಬಾಡಿತ್ತು. ಸತ್ತು ಹೋಯ್ತು ಅಂತ ಮುಖ ಸಣ್ಣ ಮಾಡಿದಳು. ವಾರ ಕಳೆದು ನೋಡಿದರೆ ದಾರದ ಹತ್ತಿರದಿಂದ ಸೂಜಿ ಇಳಿಯುತ್ತಿತ್ತು. ಎರಡನೇ ಕ್ಲಾಸಿನ ಹುಡುಗನೊಬ್ಬ ಕಿಲಾಡಿ, ಒಂದು ಗಿಡದ ಸೂಜಿಗಳ ಕೆಳಗೆ ಹೆಂಚಿನ ಚೂರು ಇಟ್ಟ. ಕೀಳುವ ದಿನ ನೋಡಿದರೆ ಮಣ್ಣು ಸೇರಿದ ಸೂಜಿಗೆಲ್ಲ ಕಾಯಿ, ಹೆಂಚಿನ ಮೇಲೆ ನಿಂತದ್ದು ಒಣಗಿದ ಕಡ್ಡಿ. ಸೂಜಿಗೆ ಕತ್ತಲೆ ಮಣ್ಣು ಸಿಗದೇ ಇದ್ದರೆ ಕಾಯಿ ಕಟ್ಟುವುದಿಲ್ಲ. ಮಳೆ ಕೈಕೊಟ್ಟು ನೆಲ ಬಿಗಿದಾಗ ನಮ್ಮ ಹೊಲದಲ್ಲಿ ಆಗೋದೂ ಇದೇ, ಹೆಂಚು ಇಡೋರು ಯಾರೂ ಬೇಡ. ಸೂಜಿ ಇಳಿಯುವ ಮುಂಚೆಯೇ ಕಳೆ ತೆಗೆದು, ಜಿಪ್ಸಂ ಕೊಟ್ಟು, ಬುಡಕ್ಕೆ ಮಣ್ಣು ಏರಿಸಿ ಮುಗಿಸಿ, ಆಮೇಲೆ ಕುಂಟೆ ಹಾಕಬೇಡಿ ಅಂತ ಹೇಳೋದು ಇದಕ್ಕೇ. ಕಿತ್ತ ಗಿಡದ ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿದರು. ಒಳಗೆ ಕೆಂಪಗಿದ್ದರೆ ಕೆಲಸ ಮಾಡುವ ಗಂಟು, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುತ್ತೆ. "ರಕ್ತ!" ಅಂತ ಕೂಗಿದರು.

ಮುಂದಿನ ವರ್ಷ 2023. ಆ ವರ್ಷ ರಾಜ್ಯದ 236 ತಾಲೂಕಿನಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಆಗಸ್ಟ್ ತಿಂಗಳಂತೂ 1901ರಿಂದ ದೇಶ ಕಾಣದಷ್ಟು ಒಣ ಆಗಸ್ಟ್. ಜುಲೈ ಕೊನೆಗೆ ಬಿತ್ತಿದ ರಾಗಿ ಗೇಣುದ್ದ ಬಂದು ಸುರುಳಿ ಸುತ್ತಿತು. ಮಕ್ಕಳ ಮಡಿಯೂ ಹಾಗೇ. ದೊಡ್ಡವರಿಗೆ ಬರ ಹೊಸದಲ್ಲ, ಆದರೆ ತಾನು ಕಾಳು ಹಾಕಿ, ಕಡ್ಡಿಯಲ್ಲಿ ಅಳೆದು ಮಸಿಯಿಂದ ಗುರುತು ಹಾಕಿದ ಪೈರು ಒಣಗುವುದನ್ನು ಆರು ವರ್ಷದ ಮಗು ನೋಡುವುದು ಬೇರೆ. ಊಟವಾದ ಮೇಲೆ ಕೈ ತೊಳೆದ ನೀರನ್ನು ಬಕೆಟಿಗೆ ಹಿಡಿದು ಮಕ್ಕಳು ಮಡಿಗೆ ಹಾಕಲು ಶುರುಮಾಡಿದರು. ಮೇಡಂ ಹೇಳಿಕೊಟ್ಟಿದ್ದಲ್ಲ, ನಾನೂ ಹೇಳಿದ್ದಲ್ಲ. ಒಂದು ದಿನ ಮೊಮ್ಮಗಳು ಕೇಳಿದಳು, "ತಾತ, ನಿನ್ನ ಹೊಲಕ್ಕೆ ಕೈ ತೊಳೆದ ನೀರು ಯಾರು ಹಾಕ್ತಾರೆ?" ನನ್ನ ಮೂರು ಎಕರೆ ಆಗ ಪೂರ್ತಿ ಕೈಬಿಟ್ಟ ಹಾಗೇ ಇತ್ತು. ಬೀಜದ ದುಡ್ಡೂ ಬರಲಿಲ್ಲ.

ಅವತ್ತು ಅವಳಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಸತ್ತ ರಾಗಿ ಬುಡ ಒಂದು, ಇನ್ನೂ ಹಸಿರಾಗಿದ್ದ ತೊಗರಿ ಒಂದು ಅಗೆದು ತೋರಿಸಿದೆ. ರಾಗಿ ಬೇರು ಮೇಲುಮೇಲೆ ಗುಬುರು ಗುಬುರಾಗಿ ಹರಡಿತ್ತು. ತೊಗರಿಯ ತಾಯಿಬೇರು ಒಂದೂವರೆ ಮೊಳ ಅಗೆದರೂ ತುದಿ ಸಿಗಲಿಲ್ಲ. ನಮ್ಮ ಹಿರಿಯರು ರಾಗಿ ನಡುವೆ ಅಕ್ಕಡಿ ಸಾಲು ಬಿಟ್ಟಿದ್ದು ಯಾಕೆ ಅನ್ನೋದು ಆ ಗುಂಡಿಯಲ್ಲಿ ಕಾಣುತ್ತಿತ್ತು. ಹುಬ್ಬೆ ಮಳೆ ಒಂದು ಹದ ಬಂದಾಗ ಒಣಗಿದ ರಾಗಿ ಕಿತ್ತು ಅದೇ ಮಡಿಗೆ ಹುರುಳಿ ಹಾಕಿದೆವು. ಹುರುಳಿಯ ಗುಣ ನಿಮಗೆ ಗೊತ್ತೇ ಇದೆ. ಡಿಸೆಂಬರಿನಲ್ಲಿ ಅರ್ಧ ಕೇಜಿಗೆ ತುಸು ಕಡಿಮೆ ಕಾಳಾಯಿತು. ನಮ್ಮ ಮನೆಯಲ್ಲೇ ಹುರುಳಿ ಸಾರು, ಮುದ್ದೆ. ಸಾರು ಕಂಡರೆ ಮೂಗು ಮುರಿಯುತ್ತಿದ್ದ ಮಕ್ಕಳು ಅವತ್ತು ಎರಡೆರಡು ಸಲ ಹಾಕಿಸಿಕೊಂಡರು.

ಆ ಊಟಕ್ಕೆ ಕೊನೇ ಮನೆ ತಾಯಿಯನ್ನೂ ಕರೆದಿದ್ದೆ. ಒಂದೂವರೆ ವರ್ಷ ನನ್ನ ಜೊತೆ ಸರಿಯಾಗಿ ಮಾತಾಡದ ಹೆಣ್ಣುಮಗಳು. ಬಂದಳು, ಹುಡುಗನನ್ನೂ ಕರೆದುಕೊಂಡು ಬಂದಳು. ಏನೂ ಹೇಳಲಿಲ್ಲ. ಮುಂದಿನ ಶನಿವಾರ ಅವನು ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದ.

ಈಗ ಅವನಿಗೆ ಏಳು ವರ್ಷ. ಈ ಮುಂಗಾರಿಗೆ ಹದಿನಾಲ್ಕು ಮಕ್ಕಳಾಗಿದ್ದಾರೆ. ಕಾಳು ಹಂಚುವ ಕೆಲಸ ಅವನೇ ಕೇಳಿ ತೆಗೆದುಕೊಂಡಿದ್ದಾನೆ. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ಬಣ್ಣ ನೋಡಿ ಕೊಡುತ್ತಾನೆ. ನಾನು ಕೊಟ್ಟ ಕಾಳಾದರೆ ಎರಡು ಸಲ ನೋಡುತ್ತಾನೆ.